ಆ ನೀರನ್ನು ಚೆಲ್ಲಿದವರು

ಮಿಷನ್ನಿನ ದೇವಾಲಯದಲ್ಲಿ ವರ್ಷಕ್ಕೊಮ್ಮೆ ಪಾದಪ್ರಕ್ಷಾಲನೆಯ ಆರಾಧನೆ ನಡೆಯುತ್ತಿತ್ತು. ಅದಕ್ಕೂ ಮುಂಚೆ, ದೇವಾಲಯಕ್ಕೆ ತಾಗಿದ ಅಡುಗೆಮನೆಯ ಹಿಂದಿನ ನಲ್ಲಿಯ ಬಳಿ, ಇನ್ನೊಂದು ಪ್ರಕ್ಷಾಲನೆ ನಡೆಯುತ್ತಿತ್ತು. ಒಳಗಿನದಕ್ಕೆ ಗಂಟೆಯಿತ್ತು, ಗೀತೆಯಿತ್ತು, ಹೊಳೆಯುವ ಬೋಗುಣಿಯಿತ್ತು, ಕಡಲಾಚೆಯಿಂದ ಬಂದ ಅತಿಥಿಗಳ ಕ್ಯಾಮೆರಾಗಳಿದ್ದವು. ಹಿತ್ತಲಿನದಕ್ಕೆ ಹೆಸರೂ ಇರಲಿಲ್ಲ. ಅದನ್ನು ಬಕೆಟ್ಟಕ್ಕ ಮಾಡುತ್ತಿದ್ದಳು.

ವಿಧಿ ಸರಳವಾದದ್ದು. ಗುರುವೇ ಶಿಷ್ಯರ ಕಾಲು ತೊಳೆದ ಆ ಒಂದು ಸಂಜೆಯ ನೆನಪಿಗಾಗಿ, ಕಡಲಾಚೆಯ ದೊಡ್ಡ ಗುರುಗಳು ಹನ್ನೆರಡು ಮಂದಿ ಬಡವರ ಮುಂದೆ ಮೊಣಕಾಲೂರಿ ಅವರ ಕಾಲು ತೊಳೆಯಬೇಕು. ತೊಡಕು ವಿಧಿಯಲ್ಲಿರಲಿಲ್ಲ, ಕಾಲಿನಲ್ಲಿತ್ತು. ಬಡವರ ಕಾಲು ಕೊಳೆಯಾಗಿರುತ್ತದೆ. ಆದ್ದರಿಂದ ದೊಡ್ಡ ಗುರುಗಳು ತೊಳೆಯುವ ಮುನ್ನ ಅವನ್ನು ತೊಳೆದಿಡುವುದು ಪದ್ಧತಿಯಾಯಿತು. ಆರಂಭಿಸಿದವರು ಯಾರೋ ತಿಳಿಯದು. ಪದ್ಧತಿಗಳಿಗೆ ಹೆತ್ತವರು ಸಿಕ್ಕುವುದಿಲ್ಲ, ಸಾಕಿದವರು ಮಾತ್ರ ಸಿಕ್ಕುತ್ತಾರೆ.

ಸಾಕಿದವರು ಉಪದೇಶಿ. ಪಾದ್ರಿಯವರ ಕೈಕೆಳಗಿನವರು. ದೇವಾಲಯದ್ದು, ಆಸ್ಪತ್ರೆಯದ್ದು, ಉಗ್ರಾಣದ್ದು ಎಂದು ಎಲ್ಲ ಕೀಲಿಕೈಗಳೂ ಅವರ ಸೊಂಟದಲ್ಲಿಯೇ ಇರುತ್ತಿದ್ದವು. ಅವರು ನಡೆದು ಬಂದರೆ ಮೊದಲು ಸದ್ದು ಬರುತ್ತಿತ್ತು, ಆಮೇಲೆ ಅವರು ಬರುತ್ತಿದ್ದರು.

"ಕಾಲು ಬಡವರದ್ದೇ ಆಗಿರ್ಬೇಕು," ಎಂದು ಪ್ರತಿ ವರ್ಷವೂ ಹೇಳುತ್ತಿದ್ದರು. "ಆದ್ರೆ ನೋಡಿದೋರಿಗೆ ಮರುಕ ಬರ್ಬೇಕು, ವಾಕರಿಕೆ ಬರ್ಬಾರ್ದು. ತಿಳೀತೇನಮ್ಮ?"

ಬಕೆಟ್ಟಕ್ಕನಿಗೆ ತಿಳಿಯುತ್ತಿತ್ತು. ಅವಳು ಮಿಷನ್ ಆಸ್ಪತ್ರೆಯ ವಾರ್ಡುಗಳನ್ನು ಗುಡಿಸಿ ಒರೆಸುವವಳು, ಬೆಡ್‌ಪ್ಯಾನ್ ಎತ್ತುವವಳು. ಕೈಯಲ್ಲಿ ಸದಾ ಬಕೆಟ್ಟು ಇರುತ್ತಿದ್ದುದರಿಂದ ವಯಸ್ಸಿನಲ್ಲಿ ಹಿರಿಯರೂ ಅವಳನ್ನು ಬಕೆಟ್ಟಕ್ಕ ಎಂದೇ ಕರೆಯುತ್ತಿದ್ದರು. ಆ ಒಂದು ದಿನ ಮಾತ್ರ ವಾರ್ಡಿನ ಕೆಲಸ ಮುಗಿಸಿ, ಅದೇ ಬಕೆಟ್ಟು ತೊಳೆದು, ನಲ್ಲಿಯ ಬಳಿ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಹನ್ನೆರಡು ಮಂದಿ ಗಿಡ್ಡ ಗೋಡೆಯ ಮೇಲೆ ಸಾಲಾಗಿ ಕೂತು ಕಾಲು ಇಳಿಬಿಡುತ್ತಿದ್ದರು. ಮೋರಿ ತೆಗೆಯುವವರು, ಡಾಂಬರು ಹಾಕುವವರು, ಸುಣ್ಣದ ಗೂಡಿನವರು. ಡಾಂಬರಿಗೆ ಸೀಮೆಎಣ್ಣೆ ಬೇಕು. ಹಿಮ್ಮಡಿಗೆ ಕಲ್ಲು ಬೇಕು. ಉಗುರಿನ ಸಂದಿಗೆ ಕಡ್ಡಿ ಬೇಕು. ಸುಣ್ಣ ತಿಂದ ಕಾಲಿಗೆ ಸೋಡಾ ಹಾಕಬಾರದು, ಚರ್ಮ ಕಿತ್ತು ಬರುತ್ತದೆ. ಅವಳು ಒಂದೊಂದೇ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಉಜ್ಜುತ್ತಿದ್ದಳು. ನೀರು ಕಪ್ಪಾಗುತ್ತಿತ್ತು. ಚೆಲ್ಲುತ್ತಿದ್ದಳು. ಮತ್ತೆ ಹಿಡಿಯುತ್ತಿದ್ದಳು. ಕೊನೆಗೆ ಅವಳ ಸೊಂಟ ಹಿಡಿದುಕೊಳ್ಳುತ್ತಿತ್ತು, ಕಾಲುಗಳು ಬೆಳ್ಳಗಾಗುತ್ತಿದ್ದವು.

ಆಮೇಲೆ ಅವರು ಮುಂಬಾಗಿಲಿನಿಂದ ದೇವಾಲಯಕ್ಕೆ ಹೋಗುತ್ತಿದ್ದರು. ಒಂದೇ ಬೋಗುಣಿಯ ನೀರು ಹನ್ನೆರಡು ಮಂದಿಗೂ ಸಾಕಾಗುತ್ತಿತ್ತು. ಕಡೆಯ ಪಾದ ಮುಳುಗಿ ಎದ್ದಾಗಲೂ ಬೋಗುಣಿಯ ತಳದಲ್ಲಿ ಕೆತ್ತಿದ್ದ ಹೂವು ಕಾಣುತ್ತಿತ್ತು. ಒಂದು ವರ್ಷ ಅತಿಥಿಯೊಬ್ಬಳು ಅದನ್ನು ನೋಡಿ ಕಣ್ಣೀರು ತಂದುಕೊಂಡು, ಇಲ್ಲಿಯ ಬಡವರು ಎಷ್ಟು ಶುಚಿಯಾಗಿರುತ್ತಾರೆ ಎಂದಳು. ಪಾದ್ರಿಯವರು ತಲೆಬಾಗಿಸಿ ಆ ಮೆಚ್ಚುಗೆಯನ್ನು ಸ್ವೀಕರಿಸಿದರು.

ಹನ್ನೆರಡು ಮಂದಿಯಲ್ಲಿ ಒಬ್ಬ ಕಾಯಂ. ಅವನ ಪಾದ ಎಲ್ಲರಿಗಿಂತ ಚೆನ್ನಾಗಿದ್ದುದರಿಂದ ಪ್ರತಿ ವರ್ಷವೂ ಮೊದಲ ಕುರ್ಚಿ ಅವನದೇ. ಅವನಿಗೆ ಕಾಯಂ ಕಾಲಿನ ಚಿಕ್ಕಪ್ಪ ಎಂದು ಹೆಸರು. ಈ ಗೌರವ ಬಂದ ಮೇಲೆ ಅವನು ಡಾಂಬರಿನ ಕೆಲಸ ಬಿಟ್ಟ. ಹಗಲೂ ರಾತ್ರಿ ಸಾಕ್ಸು ಹಾಕಿಕೊಂಡೇ ಇರುತ್ತಿದ್ದ. ಕಾಲಿನಿಂದ ಸಂಸಾರ ಹೇಗೆ ನಡೆಯುತ್ತದೆ ಎಂದು ಹೆಂಡತಿ ಕೇಳಿದರೆ, ನಡೆಯುವುದು ಕಾಲಿನಿಂದಲ್ಲದೆ ಇನ್ನೇತರಿಂದ ಎನ್ನುತ್ತಿದ್ದ.

ಬಕೆಟ್ಟಕ್ಕನ ತಾಯಿಗೆ ಅಂಥ ಕಾಲಿರಲಿಲ್ಲ.

ಮುದುಕಿ ಅದೇ ಆಸ್ಪತ್ರೆಯ ಪಾಯಿಖಾನೆಗಳನ್ನು ಯೌವನದಿಂದ ಮುಪ್ಪಿನವರೆಗೆ ತೊಳೆದವಳು. ಬರಿಗಾಲಲ್ಲಿ. ಬೂಟು ಇರಲಿಲ್ಲವೆಂದಲ್ಲ. ಕಡಲಾಚೆಯಿಂದ ಒಳ್ಳೆಯ ರಬ್ಬರ್ ಬೂಟುಗಳು ಬಂದಿದ್ದವು. ಹಾಳಾಗಬಾರದೆಂದು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಅತಿಥಿಗಳು ಬಂದ ದಿನ ತೆಗೆದು ಕೊಡುತ್ತಿದ್ದರು. ಅವಳು ಹಾಕಿಕೊಂಡು ನಿಲ್ಲುತ್ತಿದ್ದಳು. ಫೋಟೋ ತೆಗೆಯುತ್ತಿದ್ದರು. ಅಳತೆ ಸರಿಯಾಗಿದೆಯೇ ಎಂದು ಅತಿಥಿಗಳು ಕೇಳುತ್ತಿದ್ದರು. ಸರಿಯಾಗಿದೆ ಎಂದು ಉಪದೇಶಿ ಹೇಳುತ್ತಿದ್ದರು. ಸಂಜೆ ಅವಳೇ ಒರೆಸಿ ಹಿಂದಿರುಗಿಸುತ್ತಿದ್ದಳು. ಉಳಿದ ದಿನಗಳಲ್ಲಿ ಆಸಿಡ್ ಬೆರೆತ ನೀರಿನಲ್ಲಿ ನಿಂತು ಕಾಲು ಹುಣ್ಣಾಯಿತು. ಹುಣ್ಣು ಕೊಳೆಯಿತು. ಎಡಗಾಲಿನ ಎರಡು ಬೆರಳು ಹೋದವು. ಡಾಕ್ಟರು ಬಾಗಿಲಿನಿಂದಲೇ ನೋಡಿ ಮುಲಾಮು ಬರೆದರು. ಅವಳು ನಡೆಯಲಾರದವಳಾದ ಮೇಲೆ ಬಕೆಟ್ಟು ಮಗಳ ಕೈಗೆ ಬಂತು. ಮಿಷನ್ನಿನಲ್ಲಿ ವಂಶಪಾರಂಪರ್ಯಕ್ಕೆ ಅವಕಾಶವಿಲ್ಲವೆಂದು ಪಾದ್ರಿಯವರು ಬೋಧಿಸುತ್ತಿದ್ದರು. ಬಕೆಟ್ಟಿನ ವಿಷಯ ಅವರ ಬೋಧನೆಯಲ್ಲಿ ಬರುತ್ತಿರಲಿಲ್ಲ.

ಶವಾಗಾರದ ಹಿಂದೆ ಆಸ್ಪತ್ರೆ ಕೊಟ್ಟ ಒಂದು ಕೋಣೆಯಲ್ಲಿ ತಾಯಿಮಗಳು ಇದ್ದರು. ಕೋಣೆ ಒಂದು, ಮತ ಎರಡು. ಮಗಳು ಕೆಲಸಕ್ಕೆ ಸೇರಿದ ವರ್ಷ ದೀಕ್ಷಾಸ್ನಾನ ಪಡೆದಿದ್ದಳು, ಮನಸ್ಸಿಟ್ಟು ನಂಬಿದ್ದಳು. ತಾಯಿ ಪಡೆದಿರಲಿಲ್ಲ. ಪೂರ್ವದ ಗೋಡೆಗೆ ಶಿಲುಬೆಯಿತ್ತು. ಪಶ್ಚಿಮದ ಗೂಡಿನಲ್ಲಿ ತಾಯಿಯ ದೇವಿಯಿದ್ದಳು, ಒಂದು ಕರಿಯ ಕಲ್ಲು. ಇಬ್ಬರು ದೇವರೂ ಒಬ್ಬರನ್ನೊಬ್ಬರು ನೋಡುತ್ತಿದ್ದರು. ಜಗಳವಾಡಿದ್ದನ್ನು ಯಾರೂ ಕಂಡಿರಲಿಲ್ಲ. ಜಗಳ ಕೆಳಗಡೆ ನಡೆಯುತ್ತಿತ್ತು.

"ನಿನ್ನ ದೇವ್ರನ್ನ ನೋಡಿದ್ರೆ ಅಯ್ಯೋ ಅನ್ಸತ್ತೆ ಕಣೆ," ಎನ್ನುತ್ತಿದ್ದಳು ಮುದುಕಿ. "ತನ್ನ ಕೈಗೆ ಹೊಡೆದ ಮೊಳೇನೇ ಕೀಳಕ್ಕಾಗಿಲ್ಲ. ನಿನಗೇನು ಮಾಡ್ತಾನೆ?"

"ಅದಕ್ಕೇ ನಂಬಿರೋದಮ್ಮ. ನೋವು ಅಂದ್ರೆ ಏನು ಅಂತ ಅವನಿಗೆ ಗೊತ್ತಿರತ್ತೆ. ನಿನ್ನ ದೇವಿ ಏನ್ ಮಾಡಿದಾಳೆ ಹೇಳು ನೋಡೋಣ."

"ಏನೂ ಮಾಡಿಲ್ಲ. ಆದ್ರೆ ಮಾಡ್ತೀನಿ ಅಂತ ಯಾವತ್ತೂ ಹೇಳೂ ಇಲ್ಲ."

ಕಾಲು ತೊಳೆದ ಗುರುವಿನ ಕಥೆಯನ್ನು ಮಗಳು ಹೇಳಿದಾಗ ಮಾತ್ರ ಮುದುಕಿ ಹಾಸ್ಯ ಮಾಡಲಿಲ್ಲ. ಗಮನವಿಟ್ಟು ಕೇಳಿದಳು. ಆಮೇಲೆ ಕೇಳಿದಳು: "ಹನ್ನೆರಡು ಜನ ದಾರೀಲಿ ನಡೆದು ಬಂದೋರು. ಒಂದು ಬೋಗುಣಿ ಸಾಕಾಗಲ್ಲ. ಆ ಕೊಳೆ ನೀರು ಚೆಲ್ಲಿದ್ದು ಯಾರು?"

ಮಗಳಿಗೆ ತಿಳಿಯದು. ಪಾದ್ರಿಯವರು ರೋಗಿಗಳಿಗಾಗಿ ಪ್ರಾರ್ಥಿಸಲು ವಾರ್ಡಿಗೆ ಬಂದಾಗ ಕೇಳಿದಳು. ಪಾದ್ರಿಯವರು ಮೃದುವಾದ ಮನುಷ್ಯ, ಪ್ರಾಚೀನ ಭಾಷೆಗಳನ್ನು ಬಲ್ಲವರು, ಶಾಸ್ತ್ರದ ಮೂಲವನ್ನು ಮೂಲದಲ್ಲಿಯೇ ಓದಿದವರು. ಕಣ್ಣು ಮುಚ್ಚಿ ಯೋಚಿಸಿದರು.

"ಅದು ಬರೆದಿಲ್ಲಮ್ಮ."

"ಯಾಕಯ್ಯ ಬರೆದಿಲ್ಲ?"

"ಮುಖ್ಯ ಅಲ್ಲ ಅಂತ ಇರ್ಬೇಕು."

ಅವಳು ಬಂದು ತಾಯಿಗೆ ಹೇಳಿದಳು. ಮುದುಕಿ, "ಚೆಲ್ಲಿದೋಳಿಗೆ ಬರೆಯಕ್ಕೆ ಬಂದಿದ್ರೆ ಬರೀತಿದ್ಲು," ಎಂದು ಮಗ್ಗುಲಾದಳು.

ಆ ವರ್ಷ ಕಡಲಾಚೆಯವರು ಒಂದು ಹೊಸ ಬಯಕೆ ಹೇಳಿ ಕಳಿಸಿದರು. ಹನ್ನೆರಡು ಮಂದಿಯಲ್ಲಿ ಒಬ್ಬರಾದರೂ ಬೇರೆ ಮತದವರಾಗಿರಬೇಕು. ಪ್ರೀತಿಗೆ ಮತದ ಗಡಿಯಿಲ್ಲವೆಂದು ಲೋಕ ನೋಡಬೇಕು. ಉಪದೇಶಿ ಊರಿನಲ್ಲೆಲ್ಲ ಅಲೆದರು. ಬೇರೆ ಮತದವರು ಬೇಕಾದಷ್ಟು ಸಿಕ್ಕಿದರು. ಅವರ ಕಾಲು ಸಿಕ್ಕಲಿಲ್ಲ. ಬಟ್ಟೆ ಹೊಲಿಯುವವನೊಬ್ಬ, "ಇವತ್ತು ಕಾಲು ಕೊಟ್ರೆ ನಾಳೆ ತಲೆ ಕೇಳ್ತೀರ ಸ್ವಾಮಿ," ಎಂದು ಮಷೀನು ತುಳಿಯತೊಡಗಿದ.

ಅತಿಥಿಗಳು ಬಂದಿಳಿದ ದಿನವೂ ಹನ್ನೆರಡನೆಯ ಕುರ್ಚಿ ಖಾಲಿಯೇ ಇತ್ತು. ಪಾದ್ರಿಯವರೂ ಉಪದೇಶಿಯೂ ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತು ಅದನ್ನೇ ಮಾತಾಡುತ್ತಿದ್ದರು. ಬಕೆಟ್ಟಕ್ಕ ನೆಲ ಒರೆಸುತ್ತಿದ್ದಳು. ಅವರ ಕಾಲ ಬುಡಕ್ಕೆ ಬಂದು ಒರೆಸುವುದನ್ನು ನಿಲ್ಲಿಸಿದಳು.

"ನಮ್ಮಮ್ಮ ಬೇರೆ ಮತದೋಳು ಸಾರ್."

ಉಪದೇಶಿ ಹಾಲಿನಲ್ಲಿ ನೊಣ ಕಂಡವರಂತೆ ನೋಡಿದರು. "ನಿಮ್ಮಮ್ಮನ ಕಾಲಾ? ಅದು ಕಾಲೇನಮ್ಮ?"

"ಕಾಲೇ ಸಾರ್. ಅದ್ರ ಮೇಲೇ ನಿಂತು ಕೆಲಸ ಮಾಡಿದ್ದು."

ಪಾದ್ರಿಯವರಿಗೆ ಏನೋ ಮುಜುಗರವಾಯಿತು. "ಇರ್ಲಿ ಬಿಡಿ ಉಪದೇಶಿಗಳೇ. ವಯಸ್ಸಾದ ಜೀವ. ನಮ್ಮಲ್ಲೇ ದುಡಿದೋಳು." ಅಷ್ಟು ಹೇಳಿ, ಉಳಿದದ್ದು ಉಪದೇಶಿಯ ಹೊಣೆಯೆಂಬಂತೆ ಹೊರಟುಹೋದರು. ಮೃದುವಾದ ಮನುಷ್ಯರಿಗೆ ಹೊರಟುಹೋಗುವ ಕಲೆ ಚೆನ್ನಾಗಿ ತಿಳಿದಿರುತ್ತದೆ.

"ನಾಳೆ ಗಂಟೆ ಹೊಡೆಯೋದ್ರೊಳಗೆ ಆ ಕಪ್ಪು ಹೋಗಿರ್ಬೇಕು," ಎಂದರು ಉಪದೇಶಿ. "ಕಪ್ಪು ಕಂಡ್ರೆ ಕುರ್ಚಿ ಇಲ್ಲ. ಈಗ್ಲೇ ಹೇಳಿದೀನಿ."

ಅವಳು ಕೋಣೆಗೆ ಓಡಿಬಂದು ಹೇಳಿದಾಗ ಮುದುಕಿ ಹೊಸಿಲ ಮೇಲೆ ಕೂತಿದ್ದಳು.

"ಕುರ್ಚಿ ಕೊಡ್ತಾರಾ?"

"ಕೊಡ್ತಾರಮ್ಮ."

"ಕೈ ಇರೋ ಕುರ್ಚಿನಾ?"

"ಹೂಂ. ಕೆಂಪು ಮೆತ್ತೆ ಬೇರೆ."

ಮುದುಕಿ ಆಸ್ಪತ್ರೆಯ ಕುರ್ಚಿಗಳನ್ನೆಲ್ಲ ಒರೆಸಿದ್ದಳು. ಒಮ್ಮೆ ಮಾತ್ರ, ತಲೆ ಸುತ್ತಿ, ಒಂದರ ಮೇಲೆ ಕೂತಿದ್ದಳು. ಮೇಲ್ವಿಚಾರಕಿ ಬೈಯಲಿಲ್ಲ. ಅವಳು ಎದ್ದ ಮೇಲೆ, ಇದನ್ನ ಇನ್ನೊಂದ್ಸಲ ಒರೆಸು ಎಂದಳು, ಅಷ್ಟೆ.

"ಮುಟ್ತಾರಾ?" ಎಂದು ಮುದುಕಿ ಕೇಳಿದಳು.

"ಏನನ್ನ?"

"ಕಾಲನ್ನ ಕಣೆ. ಕೈಯಿಂದ ಮುಟ್ತಾರಾ, ಇಲ್ಲ ದೂರದಿಂದ ನೀರು ಎರಚ್ತಾರಾ?"

"ಮುಟ್ಲೇಬೇಕಮ್ಮ. ಮುಟ್ಟದೆ ತೊಳೆಯೋದು ಹೇಗೆ?"

"ನನ್ನ ಕಾಲನ್ನ ನಿನ್ನಪ್ಪ ಸತ್ತ ಮೇಲೆ ನೀನೊಬ್ಬಳು ಬಿಟ್ರೆ ಯಾರೂ ಮುಟ್ಟಿಲ್ಲ," ಎಂದಳು ಮುದುಕಿ. ದುಃಖದಿಂದ ಹೇಳಲಿಲ್ಲ. ಇವತ್ತು ನಲ್ಲಿಯಲ್ಲಿ ನೀರು ಬಂದಿಲ್ಲ ಎನ್ನುವ ಹಾಗೆ ಹೇಳಿದಳು. "ಒಂದ್ಸಲ ಬೇರೆ ಕೈ ಹೇಗಿರತ್ತೆ ನೋಡೋಣ."

ಮರುದಿನ ಮಧ್ಯಾಹ್ನ ಬಕೆಟ್ಟಕ್ಕ ನಲ್ಲಿಯ ಬಳಿ ಕೂತಾಗ ಮೊದಲು ಎತ್ತಿಕೊಂಡದ್ದು ತಾಯಿಯ ಪಾದವನ್ನು. ಉಳಿದ ಹನ್ನೊಂದು ಮಂದಿ ಗೋಡೆಯ ಮೇಲೆ ಕಾದಿದ್ದರು. ಅವರ ನಡುವೆ ಮೋರಿ ಮಾವ ಇದ್ದ. ಊರಿನ ಮೋರಿಗಿಳಿಯುವವನು, ದೂರದ ನೆಂಟ. ಅಂದು ಬೆಳಿಗ್ಗೆಯೂ ಕುತ್ತಿಗೆಯವರೆಗೆ ಇಳಿದು ಬಂದಿದ್ದ.

"ಬಕೆಟ್ ಹಿಡಿದೋರೆಲ್ಲ ಎಲ್ಲೆಲ್ಲಿಗೋ ಮೇಲಕ್ಕೆ ಹೋದ್ರು," ಎಂದ ಅವನು. "ನೀನೊಬ್ಬಳು ಇಲ್ಲೇ ಉಳ್ದೆ ನೋಡಮ್ಮ."

"ಅವರ ಬಕೆಟ್ಟಲ್ಲಿ ಬರೀ ಸೋಪು ಮಾವ. ನಂದರಲ್ಲಿ ನೀರಿದೆ, ಭಾರ."

ಗೋಡೆಯ ಮೇಲಿದ್ದವರು ನಕ್ಕರು. ಅವಳು ಉಜ್ಜಿದಳು. ಹಿಮ್ಮಡಿಯ ಒಡಕುಗಳು ಬೆಂಕಿಕಡ್ಡಿ ತೂರುವಷ್ಟು ಅಗಲವಿದ್ದವು. ಒಳಗೆಲ್ಲ ಕಪ್ಪು. ಹೊರಗಿನ ಕೊಳೆ ಮೊದಲ ನೀರಿಗೇ ಹೋಯಿತು. ಒಡಕಿನೊಳಗಿನದು ಹೋಗಲಿಲ್ಲ. ಬ್ರಷ್ಷು ಹಾಕಿದಳು. ಕಲ್ಲು ಹಾಕಿದಳು. ಕಡ್ಡಿಗೆ ಬಟ್ಟೆ ಸುತ್ತಿ ತೂರಿಸಿದಳು. ಕಪ್ಪು ಬರುವ ಬದಲು ಕೆಂಪು ಬಂತು. ಮುದುಕಿ ಕೈಗೆ ಸಿಕ್ಕ ನಲ್ಲಿಯ ಪೈಪನ್ನು ಹಿಡಿದುಕೊಂಡಳು.

ಕೀಲಿಕೈಗಳ ಸದ್ದು ಬಂತು. ಉಪದೇಶಿ ಬಂದರು. ಬಿಳಿಯ ನಿಲುವಂಗಿ ತೊಟ್ಟಿದ್ದರು. ಬಗ್ಗಿ ನೋಡಿದರು.

"ಇನ್ನೂ ಕಪ್ಪಿದೆಯಲ್ಲ."

ಅವಳು ಮತ್ತೆ ಉಜ್ಜಿದಳು. ತಾನು ಉಜ್ಜುತ್ತಿರುವುದು ಕಾಲನ್ನೆಂಬುದೇ ಅವಳಿಗೆ ಮರೆತುಹೋಯಿತು. ವಾರ್ಡಿನ ನೆಲವನ್ನು ಉಜ್ಜುವಂತೆ ಉಜ್ಜಿದಳು. ಕುರ್ಚಿ ಕೈತಪ್ಪಬಾರದು ಎಂಬುದೊಂದೇ ಅವಳ ತಲೆಯಲ್ಲಿತ್ತು. ಬಕೆಟ್ಟಿನ ನೀರು ಕೆಂಪಾಯಿತು.

"ಬಿಡು, ಆಗಲ್ಲ ಅದು," ಎಂದರು ಉಪದೇಶಿ. "ನಾನು ಬೇರೆ ವ್ಯವಸ್ಥೆ ಮಾಡಿದೀನಿ. ಉಗ್ರಾಣದವನ ಹೆಂಡ್ತಿ ಕೂರ್ತಾಳೆ."

ಬಕೆಟ್ಟಕ್ಕ ತಲೆಯೆತ್ತಿದಳು. "ಆಕೆ ಬೇರೆ ಮತದೋಳಲ್ವಲ್ಲ ಸಾರ್. ಗಾಯನ ಮಂಡಳೀಲಿ ಹಾಡ್ತಾಳೆ."

"ಇವತ್ತು ಹಾಡಲ್ಲ."

"ಮತ್ತೆ ನಮ್ಮಮ್ಮ?"

"ಮುಂದಿನ ವರ್ಷ ನೋಡೋಣ. ಮುಲಾಮು ಹಚ್ತಾ ಇರು. ಈಗ ಉಳಿದೋರದ್ದು ಬೇಗ ಮುಗಿಸು."

ಅವಳು ಪಾದವನ್ನು ಬಿಡಲಿಲ್ಲ. "ಇನ್ನೊಂದು ನೀರಲ್ಲಿ ಹೋಗತ್ತೆ ಸಾರ್, ಇನ್ನೊಂದೇ ಒಂದು ನೀರು," ಎಂದು ಬ್ರಷ್ಷು ಎತ್ತಿದಳು. ಆಗ ಮುದುಕಿ ಮಗಳ ಮಣಿಕಟ್ಟು ಹಿಡಿದಳು.

"ಸಾಕು ನಿಲ್ಸು."

"ಅಮ್ಮ, ಕುರ್ಚಿ..."

"ನಿಲ್ಸು ಅಂದೆ. ಈ ಕೊಳೆ ನಂದಾ? ಮನೆಯಿಂದ ತಂದಿದ್ನಾ? ಇದು ಇವರ ಆಸ್ಪತ್ರೇದು. ಇವರ ಡಾಕ್ಟರ್ದು, ಇವರ ರೋಗಿಗಳ್ದು, ಇವರ ಅತಿಥಿಗಳು ಬಂದಾಗ ಪಾಯಿಖಾನೇಲಿ ಕೂತ್ರಲ್ಲ, ಅವರ್ದು. ಒಬ್ಬೊಬ್ಬರ್ದೂ ಇದೆ ಇದರೊಳಗೆ. ಅವರ್ದನ್ನ ಅವರೇ ತೊಳೀಲಿ. ನೀನ್ಯಾಕೆ ತೊಳೀತೀಯ?"

ಗೋಡೆಯ ಮೇಲೆ ಯಾರೂ ನಗಲಿಲ್ಲ.

ಬಕೆಟ್ಟಕ್ಕ ತನ್ನ ಕೈಯಲ್ಲಿದ್ದ ಬ್ರಷ್ಷನ್ನು ನೋಡಿದಳು. ಅದರ ಕೂದಲಲ್ಲಿ ತಾಯಿಯ ಚರ್ಮವಿತ್ತು. ಅದನ್ನು ನೆಲಕ್ಕಿಟ್ಟಳು. ನೀರು ಚೆಲ್ಲಿದಳು. ಬಕೆಟ್ಟನ್ನು ಬೋರಲು ಹಾಕಿದಳು. ಅದರ ಮೇಲೆ ಕೂತಳು. ಉಪದೇಶಿ ನಿಂತಿದ್ದಾಗ ಅವಳು ಕೂತದ್ದು ಅದೇ ಮೊದಲು.

"ಏನಿದು?"

"ಕೂತಿದೀನಿ ಸಾರ್."

"ಉಳಿದ ಕಾಲು?"

"ಇವೆಯಲ್ಲ. ಹಂಗೇ ಕರ್ಕೊಂಡು ಹೋಗಿ. ದೊಡ್ಡ ಗುರುಗಳು ಕಾಲು ತೊಳೆಯೋಕೇ ತಾನೆ ಕಡಲು ದಾಟಿ ಬಂದಿರೋದು? ತೊಳೀಲಿ. ಅವರ ಕೆಲಸ ನಾನ್ಯಾಕೆ ಕಿತ್ಕೊಳ್ಲಿ?"

ಉಪದೇಶಿಯ ಮುಖ ಕೆಂಪಾಯಿತು. "ನಾಳೆಯಿಂದ ನಿನಗೆ ಕೆಲಸ ಇಲ್ಲ. ಕೋಣೆನೂ ಇಲ್ಲ. ತಿಳೀತಾ?"

ತಿಳಿಯಿತು. ಅವಳಿಗೆ ಆ ಕೋಣೆ ಬಿಟ್ಟರೆ ಬೇರೆ ಸೂರಿರಲಿಲ್ಲ, ಆ ಸಂಬಳ ಬಿಟ್ಟರೆ ಬೇರೆ ಅನ್ನವಿರಲಿಲ್ಲ. ಆದರೆ ಅವಳ ಕಾಲುಗಳು ಏಳಲಿಲ್ಲ.

"ಆಯ್ತು ಸಾರ್. ಹಾಗಾದ್ರೆ ಇವತ್ತು ಯಾಕೆ ಏಳ್ಲಿ?"

ಉಪದೇಶಿ ಗೋಡೆಯ ಕಡೆ ತಿರುಗಿದರು. "ನಲ್ಲಿ ಇದೆ. ನೀವೇ ತೊಳ್ಕೊಳ್ಳಿ."

ಮೋರಿ ಮಾವ ತನ್ನ ಕಾಲನ್ನು ಎತ್ತಿ ಎರಡೂ ಬದಿ ನೋಡಿದ. "ನನಗೆ ಬೆನ್ನು ಬಗ್ಗಲ್ಲ ಸ್ವಾಮಿ. ಬೆಳಿಗ್ಗೆ ನಿಮ್ಮ ಬೀದಿ ಮೋರೀಲೇ ಬಗ್ಗಿದ್ದೆ. ಅಲ್ಲೇ ಸೊಂಟ ಬಿಟ್ಟು ಬಂದೆ."

ಸುಣ್ಣದ ಗೂಡಿನವರು ತಮ್ಮ ಬೆನ್ನೂ ಬಗ್ಗುವುದಿಲ್ಲವೆಂದರು. ಡಾಂಬರಿನವರು ಸೀಮೆಎಣ್ಣೆ ಎಲ್ಲಿದೆಯೋ ತಮಗೆ ತಿಳಿಯದೆಂದರು. ಕಾಯಂ ಕಾಲಿನ ಚಿಕ್ಕಪ್ಪ ಸಾಕ್ಸು ಇಳಿಸಿ ನೋಡಿಕೊಂಡು ಮತ್ತೆ ಏರಿಸಿದ. "ನಂದು ಮನೇಲೇ ತೊಳೆದಿದೆ. ನನ್ನನ್ನ ಈ ಗಲಾಟೆಗೆ ಎಳೀಬೇಡಿ," ಎಂದ.

ಅಷ್ಟರಲ್ಲಿ ಗಂಟೆ ಹೊಡೆಯಿತು. ಪಾದ್ರಿಯವರು ಅಡುಗೆಮನೆಯ ಬಾಗಿಲಿಗೆ ಬಂದು, "ಎಲ್ಲಿ, ಎಲ್ಲ ಕೂತಾಯ್ತು, ಬನ್ನಿ ಬನ್ನಿ," ಎಂದು ಕಾಲುಗಳನ್ನು ನೋಡದೆ ಒಳಗೆ ಹೋದರು.

ಗೋಡೆಯ ಮೇಲಿದ್ದವರು ಇಳಿದು ಹೊರಟರು. ಬಕೆಟ್ಟಕ್ಕನೂ ಮೋರಿ ಮಾವನೂ ಕೈಗೆ ಕೈ ಹೆಣೆದು ಮುದುಕಿಯನ್ನು ಕೂರಿಸಿಕೊಂಡು ಹಿಂದೆ ನಡೆದರು. ಹೊಸ್ತಿಲಿನಿಂದ ಬಲಿಪೀಠದವರೆಗೆ ಹಾಸಿದ್ದ ಕೆಂಪು ಹಾಸಿನ ಮೇಲೆ ಹೆಜ್ಜೆಗಳು ಒಂದೊಂದಾಗಿ ಮೂಡಿದವು. ಸಭೆ ಎದ್ದು ನಿಂತು ಗೀತೆ ಹಾಡುತ್ತಿತ್ತು. ಎರಡನೆಯ ಚರಣದಲ್ಲಿ ಮುಂದಿನ ಸಾಲುಗಳವರು ಮೂಗಿಗೆ ಕರವಸ್ತ್ರ ತಂದರು. ಆದರೂ ಹಾಡುವುದನ್ನು ಬಿಡಲಿಲ್ಲ. ಅಭ್ಯಾಸ ಚೆನ್ನಾಗಿತ್ತು.

ಹನ್ನೆರಡನೆಯ ಕುರ್ಚಿಯಲ್ಲಿ ಉಗ್ರಾಣದವನ ಹೆಂಡತಿ ಬೇರೆ ಮತದವಳಾಗಿ ಕೂತಿದ್ದಳು. ಅದಕ್ಕೆಂದೇ ಹಳೆಯ ಬಟ್ಟೆ ಉಟ್ಟಿದ್ದಳು.

"ಎದ್ದೇಳಮ್ಮ," ಎಂದಳು ಬಕೆಟ್ಟಕ್ಕ. "ಇದು ನಮ್ಮಮ್ಮನ ಕುರ್ಚಿ."

ಆಕೆ ಉಪದೇಶಿಯ ಕಡೆ ನೋಡಿದಳು. ಮೋರಿ ಮಾವ ಇನ್ನೊಂದು ಹೆಜ್ಜೆ ಹತ್ತಿರ ಬಂದ. ಆಕೆ ಎದ್ದಳು. ನ್ಯಾಯಕ್ಕೆ ಎದ್ದಳೋ ವಾಸನೆಗೆ ಎದ್ದಳೋ ಹೇಳಲಾಗದು. ಮುದುಕಿಯನ್ನು ಕೂರಿಸಿದರು. ಬಕೆಟ್ಟಕ್ಕ ಕುರ್ಚಿಯ ಪಕ್ಕದಲ್ಲಿ ನೆಲಕ್ಕೆ ಕೂತಳು.

ದೊಡ್ಡ ಗುರುಗಳು ಎತ್ತರದ ಮುದುಕ. ಮಂಡಿನೋವಿನವರು. ಸೊಂಟಕ್ಕೆ ಬಿಳಿಯ ವಸ್ತ್ರ ಕಟ್ಟಿ, ಕಷ್ಟಪಟ್ಟು ಮೊಣಕಾಲೂರಿದರು. ಮೊದಲನೆಯದು ಕಾಯಂ ಕಾಲು. ನೀರು ತಿಳಿಯಾಗಿಯೇ ಉಳಿಯಿತು. ಕ್ಯಾಮೆರಾಗಳು ಮಿನುಗಿದವು. ಎರಡನೆಯದು ಡಾಂಬರಿನ ಕಾಲು. ದೊಡ್ಡ ಗುರುಗಳು ಉಜ್ಜಿದರು. ಡಾಂಬರು ಹೋಗಲಿಲ್ಲ, ಅವರ ಕೈಗೆ ಬಂತು. ಮೂರನೆಯದು ಸುಣ್ಣ. ನೀರು ಹಾಲಾಯಿತು. ಮೋರಿ ಮಾವನ ಪಾದ ಇಳಿದಾಗ ಬೋಗುಣಿಯ ತಳದ ಹೂವು ಮುಳುಗಿಹೋಯಿತು. ಅತಿಥಿಗಳ ಕ್ಯಾಮೆರಾಗಳು ಒಂದೊಂದಾಗಿ ಕೆಳಗಿಳಿದವು. ದೊಡ್ಡ ಗುರುಗಳ ಹಣೆಯಲ್ಲಿ ಬೆವರು ಮೂಡಿತು. ಆದರೆ ಅವರು ನಿಲ್ಲಿಸಲಿಲ್ಲ. ಅಷ್ಟನ್ನು ಅವರ ಪರವಾಗಿ ಹೇಳಲೇಬೇಕು. ಹನ್ನೊಂದು ಮಂದಿ ಮುಗಿಯುವ ಹೊತ್ತಿಗೆ ಬೋಗುಣಿಯಲ್ಲಿದ್ದದ್ದು ನೀರೆಂದು ಹೇಳುವಂತಿರಲಿಲ್ಲ.

ಅವರು ಬೋಗುಣಿಯನ್ನು ಮುದುಕಿಯ ಮುಂದೆ ಸರಿಸಿದರು. ಪಾದವನ್ನು ಕಂಡು ಕ್ಷಣಕಾಲ ತಡೆದರು. ಮತ್ತೆ ಮುಗುಳ್ನಕ್ಕು ಕೈ ಚಾಚಿದರು.

ಮುದುಕಿ ಬೋಗುಣಿಯೊಳಗೆ ಬಗ್ಗಿ ನೋಡಿದಳು. ಎರಡೂ ಕಾಲನ್ನು ಕುರ್ಚಿಯ ಅಡಿಗೆ ಸೇರಿಸಿಕೊಂಡಳು.

ದೊಡ್ಡ ಗುರುಗಳು ಪಾದ್ರಿಯವರ ಕಡೆ ತಿರುಗಿ ಏನೋ ಕೇಳಿದರು. ಪಾದ್ರಿಯವರು ಅವರ ಭಾಷೆಯಲ್ಲಿ ಏನೋ ಹೇಳಿದರು. ದೊಡ್ಡ ಗುರುಗಳ ಕಣ್ಣು ತುಂಬಿತು.

"ಏನಂದ್ರಿ ಅಯ್ಯ?" ಎಂದಳು ಬಕೆಟ್ಟಕ್ಕ.

"ಸಂಕೋಚ ಪಡ್ತಿದಾಳೆ ಅಂದೆ."

"ನಮ್ಮಮ್ಮನಾ?"

"ಸಂಕೋಚ ಏನೂ ಇಲ್ಲಪ್ಪ," ಎಂದಳು ಮುದುಕಿ. ಅವಳ ದನಿ ದೊಡ್ಡದು. ಪಾಯಿಖಾನೆಯೊಳಗಿನಿಂದ ಹೊರಗಿನವರಿಗೆ ಕೇಳುವಂತೆ ಮಾತಾಡಿ ಬೆಳೆದ ದನಿ. ಕಡೆಯ ಸಾಲಿಗೂ ಕೇಳಿತು. "ಇದು ಹನ್ನೊಂದು ಜನದ ಕೊಳೆ ನೀರು. ಇದರಲ್ಲಿ ನನ್ನ ಕಾಲಿಡಲ್ಲ. ಚೆಲ್ಲಿ ಬೇರೆ ತಗೊಂಡು ಬಾ ಅಂತ ಹೇಳು."

ವಾರ್ಡಿನಲ್ಲಿ ಬಕೆಟ್ಟಕ್ಕ ಕೇಳಿದ ಪ್ರಶ್ನೆ ಪಾದ್ರಿಯವರಿಗೆ ನೆನಪಾಗಿರಬೇಕು. ಮುಖ ಬಿಳಿಚಿತು. ಆಮೇಲೆ, ಇದ್ದದ್ದನ್ನು ಇದ್ದ ಹಾಗೆ, ದೊಡ್ಡ ಗುರುಗಳಿಗೆ ಹೇಳಿದರು.

ದೊಡ್ಡ ಗುರುಗಳು ಬೋಗುಣಿಯನ್ನು ನೋಡಿದರು. ತಮ್ಮ ಕಪ್ಪು ಕೈಗಳನ್ನು ನೋಡಿಕೊಂಡರು. ಬೋಗುಣಿಯನ್ನು ಎತ್ತಿ ಪಾದ್ರಿಯವರ ಕಡೆ ಚಾಚಿದರು. ಪಾದ್ರಿಯವರು ತೆಗೆದುಕೊಂಡರು. ತೆಗೆದುಕೊಂಡ ಮೇಲೆ ಏನು ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ. ಉಪದೇಶಿಯ ಕಡೆ ಚಾಚಿದರು. ಉಪದೇಶಿ ತೆಗೆದುಕೊಂಡರು. ಅವರಿಗೆ ತಿಳಿದಿತ್ತು. ಕೆಳಗೆ ಕೂತಿದ್ದ ಬಕೆಟ್ಟಕ್ಕನ ಕಡೆ ಚಾಚಿದರು.

ಸಭೆಯೆಲ್ಲ ನೋಡುತ್ತಿತ್ತು. ಬೋಗುಣಿ ಬಂದ ದಾರಿ ಎಲ್ಲರಿಗೂ ಪರಿಚಿತವಾದದ್ದು. ಅದು ಎಲ್ಲಿ ನಿಲ್ಲುತ್ತದೆಂಬುದೂ ಪರಿಚಿತವಾದದ್ದು.

ಬಕೆಟ್ಟಕ್ಕ ತಾಯಿಯ ಎರಡೂ ಪಾದಗಳನ್ನು ತನ್ನ ಮಡಿಲಿಗೆ ಎತ್ತಿಕೊಂಡಳು. ರಕ್ತ ಒಸರುತ್ತಿದ್ದ ಹಿಮ್ಮಡಿಗಳಿಗೆ ಅಂಗೈ ಒತ್ತಿ ಹಿಡಿದಳು.

"ನನ್ನ ಕೈ ಖಾಲಿ ಇಲ್ಲ ಸಾರ್."

ಬೋಗುಣಿ ಗಾಳಿಯಲ್ಲಿ ನಿಂತಿತು. ಕಪ್ಪು ನೀರು ತುಳುಕಿ ಉಪದೇಶಿಯ ಬಿಳಿಯ ನಿಲುವಂಗಿಯ ಮೇಲೆ ಇಳಿಯಿತು. ಅವರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಎಡದಲ್ಲಿ ಗಾಯನ ಮಂಡಳಿ ಇತ್ತು. ಬಲದಲ್ಲಿ ಅತಿಥಿಗಳಿದ್ದರು.

"ಎಲ್ಲಿ ಚೆಲ್ಲೋದು?" ಎಂದರು, ಮೆಲ್ಲಗೆ.

"ಹಿತ್ತಲಲ್ಲಿ ಮೋರಿ ಇದೆ ಸ್ವಾಮಿ," ಎಂದ ಮೋರಿ ಮಾವ. "ಬೋರಲು ಬಕೆಟ್ಟಿನ ಪಕ್ಕದಲ್ಲಿ."

ಉಪದೇಶಿ ಹೊರಟರು. ಕೆಂಪು ಹಾಸಿನ ಉದ್ದಕ್ಕೂ ಒಂದೊಂದೇ ಹೆಜ್ಜೆ. ಸೊಂಟದಲ್ಲಿ ಕೀಲಿಕೈಗಳು ಸದ್ದು ಮಾಡಿದವು. ಬೋಗುಣಿ ತುಳುಕುತ್ತ ಹೋಯಿತು. ಹಾಡಬೇಕೋ ಬಿಡಬೇಕೋ ಗಾಯನ ಮಂಡಳಿಗೆ ತಿಳಿಯಲಿಲ್ಲ, ಏಕೆಂದರೆ ಇಂಥ ಹೊತ್ತಿಗೆ ಗೀತೆ ಇರಲಿಲ್ಲ. ದೊಡ್ಡ ಗುರುಗಳ ಮಂಡಿ ಇನ್ನು ತಾಳಲಾರದೆ, ಇದ್ದಲ್ಲಿಯೇ ನೆಲದ ಮೇಲೆ ಕೂತುಬಿಟ್ಟರು. ಮುದುಕಿ ಮೇಲಿದ್ದಳು. ಅವರು ಕೆಳಗಿದ್ದರು. ಇಬ್ಬರೂ ಬಾಗಿಲ ಕಡೆ ನೋಡಿದರು.

ಹಿತ್ತಲಿನಿಂದ ನೀರು ಚೆಲ್ಲಿದ ಸದ್ದು ಬಂತು. ಆಮೇಲೆ ಯಾವ ಸದ್ದೂ ಇಲ್ಲ.

"ತಡ ಆಗತ್ತಮ್ಮ," ಎಂದು ಬಕೆಟ್ಟಕ್ಕ ಪಿಸುಗುಟ್ಟಿದಳು. "ಆ ನಲ್ಲಿ ಬಿಗಿ. ಅವರಿಗೆ ತಿರುಗ್ಸಕ್ಕಾಗಲ್ಲ. ಕೋಣೆ ಬೇರೆ ಖಾಲಿ ಮಾಡ್ಬೇಕು. ಹೋಗೋಣ್ವಾ?"

ಮುದುಕಿ ಕುರ್ಚಿಯ ಎರಡು ಕೈಗಳ ಮೇಲೆ ತನ್ನ ಎರಡು ಕೈಗಳನ್ನು ಇಟ್ಟಳು. ಬೆನ್ನನ್ನು ಮೆತ್ತೆಗೆ ಒರಗಿಸಿದಳು. ಕಾಲನ್ನು ಮುಂದಕ್ಕೆ ಚಾಚಿದಳು.

"ಬರ್ಲಿ ಬಿಡು. ಕೂತಿರ್ತೀನಿ. ಕುರ್ಚಿ ಚೆನ್ನಾಗಿದೆ."